ಇವತ್ತು ಗುರುವಾರ

ವೃತ್ತಿಪರ ಬಾಕ್ಸಿಂಗ್ ಮಂಡಳಿಯ ಪರವಾನಗಿ ಅಧಿಕಾರಿಗಳಾದ ಮಾನ್ಯರೇ,

ಬರುವ ಗುರುವಾರ ನನ್ನ ತಮ್ಮ ನಿಮ್ಮ ಕಚೇರಿಯ ವೈದ್ಯರ ಮುಂದೆ ಬಂದು ಕೂರುತ್ತಾನೆ. ರಿಂಗಿಗೆ ಇಳಿಯಲು ಅವನು ಯೋಗ್ಯನೋ ಅಲ್ಲವೋ ಎಂದು ಅವರು ಪರೀಕ್ಷಿಸುತ್ತಾರೆ. ಮನೆಯ ಹುಡುಗ ಪರೀಕ್ಷೆಗೆ ಕೂತರೆ ಪಾಸಾಗಲಿ ಎಂದು ಎಲ್ಲರೂ ಹಾರೈಸುತ್ತಾರೆ. ಇವನು ಎಲ್ಲಿ ಪಾಸಾಗಿಬಿಡುತ್ತಾನೋ ಎಂಬ ಹೆದರಿಕೆಯಿಂದ ನಾನು ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ಕಚೇರಿಗೇ ತಂದು ಕೊಡಬಹುದಿತ್ತಲ್ಲ, ಪತ್ರಿಕೆಗೆ ಏಕೆ ಎಂದು ತಾವು ಕೇಳಬಹುದು. ಬಂದಿದ್ದೆ. ನಿಮ್ಮ ಗುಮಾಸ್ತರು ತಲೆ ಎತ್ತದೆ, "ನೀವು ಬಾಕ್ಸರಾ?" ಎಂದರು. ಅಲ್ಲ ಎಂದೆ. "ಮತ್ತೆ, ಮ್ಯಾನೇಜರಾ?" ಅದೂ ಅಲ್ಲ, ಅಕ್ಕ ಎಂದೆ. "ದೂರು ಇದ್ರೆ ಬಾಕ್ಸರ್ ಕೊಡ್ಬೇಕು, ಇಲ್ಲ ಅವರ ಮ್ಯಾನೇಜರ್ ಕೊಡ್ಬೇಕು. ಅಕ್ಕಂದಿರಿಗೆಲ್ಲ ಇಲ್ಲಿ ಅವಕಾಶ ಇಲ್ಲಮ್ಮ" ಎಂದರು. ನನ್ನ ದೂರು ಇರುವುದೇ ಮ್ಯಾನೇಜರ್ ಮೇಲೆ. ತಮ್ಮ ಮೇಲೆ ತಾವೇ ದೂರು ಬರೆದುಕೊಂಡು ಬಂದು ಸರದಿಯಲ್ಲಿ ನಿಲ್ಲುವ ಮಹಾನುಭಾವರಿಗಾಗಿ ಮಂಡಳಿ ಇಂಥ ನಿಯಮ ಮಾಡಿದೆಯಲ್ಲ, ಮನುಷ್ಯರ ಮೇಲೆ ತಮಗಿರುವ ನಂಬಿಕೆಗೆ ಕೈ ಮುಗಿಯುತ್ತೇನೆ.

ನಾನು ಬಟ್ಟೆ ಆಲ್ಟರ್ ಮಾಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಉದ್ದವಿದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು, ಕೆಟ್ಟ ಜಿಪ್ಪು ಬದಲಾಯಿಸುವುದು ನನ್ನ ಕೆಲಸ. ತಮ್ಮನ ಪಂದ್ಯದ ಚಡ್ಡಿಗಳನ್ನೆಲ್ಲ ಮೊದಲಿನಿಂದಲೂ ನಾನೇ ಹೊಲಿದಿದ್ದೇನೆ. ನನಗೆ ಬಾಕ್ಸಿಂಗಿನ ಗಂಧಗಾಳಿ ಇಲ್ಲ ಎಂದು ಮ್ಯಾನೇಜರ್ ಹೇಳುತ್ತಾರೆ, ಒಪ್ಪುತ್ತೇನೆ. ಪಂದ್ಯ ನೋಡಲು ಹೋದರೂ ಅರ್ಧ ಹೊತ್ತು ಕಣ್ಣು ಮುಚ್ಚಿಕೊಂಡೇ ಕೂರುವವಳು ನಾನು. ಆದರೆ ಅವನ ನಡುವಿನ ಅಳತೆ ನನಗೆ ಗೊತ್ತು. ಕಳೆದ ತಿಂಗಳು ಮ್ಯಾನೇಜರ್ ಅಂಗಡಿಗೆ ಬಂದು ಚಡ್ಡಿಯನ್ನು ಮೆಷಿನ್ ಪಕ್ಕದಲ್ಲಿಟ್ಟು, "ಅಕ್ಕ, ನಡು ಸ್ವಲ್ಪ ಬಿಡಿಸಿಕೊಡಿ. ನಮ್ ಹುಡುಗ ಮೇಲಿನ ತೂಕಕ್ಕೆ ಹೋಗ್ತಿದಾನೆ" ಎಂದರು.

"ಅವನೇನೂ ದಪ್ಪ ಆಗಿಲ್ವಲ್ಲ?"

"ಆಗ್ತಾನೆ ಬಿಡಿ. ತೂಕ ನೋಡೋ ದಿನ ಹೊಟ್ಟೆ ತುಂಬ ನೀರು ಕುಡಿಸಿದ್ರಾಯ್ತು."

ನನ್ನ ತಮ್ಮನಿಗಿಂತ ಭಾರದ, ತಲೆಗೇ ಗುರಿಯಿಟ್ಟು ಹೊಡೆಯುವವನೆಂದು ಹೆಸರಾದ ಒಬ್ಬನ ಮುಂದೆ ನಿಲ್ಲಬೇಕಿದ್ದ ಬೇರೊಬ್ಬ ಬಾಕ್ಸರ್ ಕೈ ನೋವೆಂದು ಹಿಂದೆ ಸರಿದನಂತೆ. ಆ ಖಾಲಿ ಜಾಗಕ್ಕೆ ಇವನನ್ನು ಒಪ್ಪಿಸಿ ಬಂದಿದ್ದರು. ನೀರು ಕುಡಿದರೆ ತಕ್ಕಡಿಯ ಮುಳ್ಳು ಮೇಲೇರುತ್ತದೆ ಸರಿ. ಎದುರಿನವನ ಮುಷ್ಟಿ ಬಂದು ತಾಗುವಾಗ ಆ ನೀರು ಯಾವ ಕೆಲಸಕ್ಕೆ ಬರುತ್ತದೆ? ನಿಮ್ಮ ತಕ್ಕಡಿ ಇದನ್ನೆಂದೂ ಕೇಳಿಲ್ಲವೇ?

ಇದು ಒಂದೇ ದಿನದಲ್ಲಿ ಆದದ್ದಲ್ಲ. ವರ್ಷದ ಹಿಂದೆ ಅವನಿಗೊಬ್ಬ ಹಳೆಯ ಕೋಚ್ ಇದ್ದರು. ಒಂದು ಪಂದ್ಯದಲ್ಲಿ ನನ್ನ ತಮ್ಮ ರಿಂಗಿನ ಹಗ್ಗಕ್ಕೆ ಒರಗಿಕೊಂಡು, ಕೈ ಎತ್ತಲಾರದೆ ಪೆಟ್ಟು ತಿನ್ನುತ್ತಿದ್ದಾಗ ಆ ಕೋಚ್ ರಿಂಗಿನೊಳಗೆ ಟವೆಲ್ ಎಸೆದರು. ಸಾಕು, ನಮ್ಮವನನ್ನು ಬಿಟ್ಟುಬಿಡಿ ಎಂದು ಅದರ ಅರ್ಥ. ಜನ ಕೂಗಾಡಿದರು. ಮರುದಿನವೇ ಮ್ಯಾನೇಜರ್ ಆ ಕೋಚ್‌ಗೆ ಗೇಟ್ ತೋರಿಸಿದರು. "ಗುಂಡಿಗೆ ಇಲ್ಲದವರು ರಿಂಗಿನ ಮೂಲೇಲಿ ನಿಂತ್ರೆ ಹುಡುಗ ಎಲ್ಲಿ ಮುಂದೆ ಬರ್ತಾನೆ?" ಎಂದರು. ಅಷ್ಟು ಜನರ ಬೊಬ್ಬೆಯ ನಡುವೆ ಟವೆಲ್ ಎಸೆಯಲು ಗುಂಡಿಗೆ ಬೇಕಿಲ್ಲವೇ, ನೀವೇ ಹೇಳಿ. ಹುಡುಗ ಸುಧಾರಿಸಿಕೊಳ್ಳಬೇಕಿದ್ದ ಹೊತ್ತಿನಲ್ಲಿ, ಸೋಲಿನ ಹೆಸರು ಅಳಿಸಬೇಕೆಂದು ಮ್ಯಾನೇಜರ್ ಇನ್ನೊಂದು ಪಂದ್ಯಕ್ಕೆ ಒಪ್ಪಿದರು. ಅದರಲ್ಲಿ ಅವನು ಪ್ರಜ್ಞೆ ತಪ್ಪಿ ಬಿದ್ದ. ಈಗ ಅದರ ಹೆಸರು ಅಳಿಸಲು ಈ ಪಂದ್ಯ. ಪ್ರತಿಯೊಂದಕ್ಕೂ ನಿಮ್ಮ ಕಚೇರಿಯ ಮೊಹರು ಬಿದ್ದಿದೆ, ಅದೂ ಬಹಳ ಅಂದವಾಗಿ, ನೇರವಾಗಿ ಬಿದ್ದಿದೆ.

ಮ್ಯಾನೇಜರ್ ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆಗೇ ಸರಿಬರುವುದಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಮ್ಮ ಜೊತೆ ಬೆಂಚಿನ ಮೇಲೆ ಕೂತವರು ಅವರು. ತಮ್ಮ ಗೆದ್ದಾಗ ಮಗುವಿನಂತೆ ಅಳುತ್ತಾರೆ. ಅವನ ವಯಸ್ಸು ಜಾರುತ್ತಿದೆ ಎಂಬ ದಿಗಿಲು ಅವರಿಗೂ ಇದೆ, ಆ ದಿಗಿಲಿನಲ್ಲೇ ಕೈಗೆ ಸಿಕ್ಕ ಪಂದ್ಯವನ್ನೆಲ್ಲ ಒಪ್ಪಿಕೊಳ್ಳುತ್ತಿದ್ದಾರೆ. ಅಂಥವರನ್ನು ತಡೆಯಲೆಂದೇ ಅಲ್ಲವೇ ನೀವು ಅಲ್ಲಿ ಕೂತಿರುವುದು?

ಹೋದ ಮಂಗಳವಾರ ಬೆಳಿಗ್ಗೆ ಬಚ್ಚಲಿನಿಂದ ತಮ್ಮನ ದನಿ ಕೇಳಿಸಿತು. ಬಹಳ ದಿನದ ಮೇಲೆ ಹಾಡು ಗುನುಗುತ್ತಿದ್ದಾನೆ ಎಂದು ಖುಷಿಯಾಗಿ ಬಾಗಿಲ ಹತ್ತಿರ ಹೋದೆ. "ಇವತ್ತು ಗುರುವಾರ. ಇವತ್ತು ಗುರುವಾರ" ಎನ್ನುತ್ತಿದ್ದ. ಆಮೇಲೆ ನೂರರಿಂದ ಏಳೇಳು ಕಳೆಯುತ್ತ ಹಿಂದಕ್ಕೆ ಎಣಿಸತೊಡಗಿದ. ನಡುವೆ ತಪ್ಪಿತು. ಮತ್ತೆ ಮೊದಲಿನಿಂದ, ಇವತ್ತು ಗುರುವಾರ.

"ಯಾವ ಗುರುವಾರನೋ? ಇವತ್ತು ಮಂಗಳವಾರ" ಎಂದೆ.

ನಲ್ಲಿ ನಿಂತಿತು. "ಗೊತ್ತು ಕಣಕ್ಕ. ಡಾಕ್ಟ್ರು ನೋಡೋದು ಗುರುವಾರ ಅಲ್ವಾ? ಅವರು ಯಾವಾಗ್ಲೂ ಇದನ್ನೇ ಕೇಳೋದು. ಬಾಯಿಪಾಠ ಮಾಡ್ಕೋ ಅಂದಿದಾರೆ ಮ್ಯಾನೇಜರ್."

ಹೊಡೆತ ತಪ್ಪಿಸಿಕೊಳ್ಳುವುದನ್ನು ಕಲಿಸುತ್ತಿದ್ದ ಕೋಚ್ ಹೋದರು, ನಿಮ್ಮ ವೈದ್ಯರಿಂದ ತಪ್ಪಿಸಿಕೊಳ್ಳುವುದನ್ನು ಕಲಿಸುವವರು ಬಂದರು. ತಲೆ ಒರೆಸಿಕೊಳ್ಳುತ್ತ ತಮ್ಮ ಹೊರಗೆ ಬಂದು, ನನ್ನ ಮುಖ ನೋಡಿ, "ಏನಕ್ಕ, ದೆವ್ವ ನೋಡ್ದಂಗೆ ನಿಂತಿದೀಯ" ಎಂದು ನಕ್ಕ. ನಾನೂ ನಕ್ಕೆ. ತಿಂಡಿಗೆ ಕೂತ. ಅಂಗಿಯ ಗುಂಡಿಗಳನ್ನು ಒಂದು ಕಾಜಾ ಕೆಳಗೆ ಹಾಕಿಕೊಂಡಿದ್ದ, ನಾನೇ ಬಿಚ್ಚಿ ಸರಿಮಾಡಿದೆ. ಅರ್ಧ ತಿಂದವನು ತಲೆ ಎತ್ತಿ, ಬಹಳ ಮೆಲ್ಲಗೆ, "ಅಕ್ಕ, ಇವತ್ತು ಯಾವ ವಾರ ಅಂದೆ?" ಎಂದು ಕೇಳಿದ.

ಅವನು ತಮಾಷೆ ಮಾಡುತ್ತಿಲ್ಲ ಎಂಬುದು ಅವನ ಕಣ್ಣಿನಲ್ಲೇ ಗೊತ್ತಾಯಿತು. ಅಂದಿನಿಂದ ನನಗೆ ಭಯ, ಮಾನ್ಯರೇ. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ಬೇರೆ ಪದವಿದ್ದರೆ ನನಗೆ ಗೊತ್ತಿಲ್ಲ. ಅಡುಗೆಮನೆಯಲ್ಲಿ ಲೋಟ ಬಿದ್ದರೆ ಬೆಚ್ಚಿ ಓಡುತ್ತೇನೆ. ಅವನು ಅಂಗಡಿಗೆ ಬರುವುದು ತಡವಾದರೆ ದಾರಿ ತಪ್ಪಿತೇನೋ ಎಂದು ಬೀದಿಗೆ ಇಳಿದು ನಿಲ್ಲುತ್ತೇನೆ. ರಿಂಗಿನಲ್ಲಿ ಅವನ ಜೀವ ಹೋಗುತ್ತದೆಂಬುದು ಒಂದು ಭಯ. ಬದುಕಿ ಮನೆಗೆ ಬಂದು, ತಟ್ಟೆಯ ಮುಂದೆ ಕೂತು, ನನ್ನನ್ನೇ ನೀವು ಯಾರು ಎಂದು ಕೇಳುತ್ತಾನೆಂಬುದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದೆಂದು ಯೋಚಿಸಲೂ ಹೆದರಿಕೆ.

ಆದ್ದರಿಂದ ಕೇಳುತ್ತಿದ್ದೇನೆ. ಅವನ ಪರವಾನಗಿಯನ್ನು ತಡೆಹಿಡಿಯಿರಿ. ತಲೆಯ ಸ್ಕ್ಯಾನ್ ಮಾಡಿಸಿ, ಮ್ಯಾನೇಜರ್ ಜೊತೆಗಿಲ್ಲದೆ ಅವನನ್ನೊಬ್ಬನನ್ನೇ ಕೂರಿಸಿ ಮಾತಾಡಿಸಿ. ಗುರುವಾರ ಮಾತ್ರ ಕರೆಯಬೇಡಿ. ಪಾಠ ಮಾಡಿಕೊಂಡಿರದ ಪ್ರಶ್ನೆ ಕೇಳಿ. ಯಾವ ಪ್ರಶ್ನೆ ಎಂದು ನನಗೆ ಗೊತ್ತು, ಇಲ್ಲಿ ಬರೆಯಲಾರೆ, ಮ್ಯಾನೇಜರ್ ಕೂಡ ಪತ್ರಿಕೆ ಓದುತ್ತಾರೆ. ಇದು ಅಚ್ಚಾದ ಮೇಲೆ ತಮ್ಮ ನನ್ನ ಮೇಲೆ ಮುನಿಸಿಕೊಳ್ಳುತ್ತಾನೆ, ಮಾತು ಬಿಟ್ಟರೂ ಬಿಟ್ಟಾನು. ಬಿಡಲಿ. ಮುನಿಸು ಯಾರ ಮೇಲೆ ಎಂಬುದು ಅವನಿಗೆ ನೆನಪಿದ್ದರೆ ಸಾಕು. ಆ ಚಡ್ಡಿ ಇನ್ನೂ ನನ್ನ ಮೆಷಿನ್ ಪಕ್ಕದಲ್ಲೇ ಇದೆ, ನಡು ಬಿಡಿಸಿಲ್ಲ. ನನ್ನ ಕೈಯಲ್ಲಿರುವುದು ಅಷ್ಟೇ, ಮಿಕ್ಕಿದ್ದು ತಮ್ಮ ಕೈಯಲ್ಲಿದೆ.

ಒಂದು ಮಾತು. ಅವನನ್ನು ಯಾವ ದಿನ ಕರೆಯುತ್ತೀರೆಂದು ದಯವಿಟ್ಟು ನನಗೂ ತಿಳಿಸಬೇಡಿ. ಈಗೀಗ ಅವನು ದಿನಾ ಬೆಳಿಗ್ಗೆ ನನ್ನ ಹತ್ತಿರ ಬಂದು ಇವತ್ತು ಯಾವ ವಾರ ಎಂದು ಕೇಳುತ್ತಾನೆ. ಅವನು ಹಾಗೆ ಕೇಳಿದರೆ ಪರೀಕ್ಷೆಯ ದಿನವನ್ನೂ ನಾನು ಹೇಳಿಬಿಡುತ್ತೇನೆ.

ಇಂತಿ,
ಬಾಕ್ಸರೂ ಅಲ್ಲದ, ಮ್ಯಾನೇಜರೂ ಅಲ್ಲದ,
ನಿಮ್ಮಲ್ಲಿ ಅವಕಾಶವಿಲ್ಲದ ಒಬ್ಬ ಅಕ್ಕ