ಶೆಫ್ ಥಾರ್ಪರ ನಾಲಿಗೆ

1999 ಮಾರ್ಚ್ 9, ಮಂಗಳವಾರ. ಇರ್ವಿಂಗ್, ಬೆಳಿಗ್ಗೆ 8

ಪೂಜ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಮೊದಲ ಸಾಲಿನಲ್ಲಿ ಆಗಲೇ ತೂಕಡಿಸುತ್ತಿರುವ ಹಿರಿಯರೇ, ಕೊನೆಯ ಸಾಲಿನಲ್ಲಿ ಉಪ್ಪಿಟ್ಟಿಗೆ ಕಾದಿರುವ ಬಂಧುಗಳೇ — ಅಡುಗೆಮನೆಯ ಈ ಮೇಜಿನಿಂದ ತಮಗೆಲ್ಲ ವಂದನೆ. ಇಂದಿನ ಉಪನ್ಯಾಸ: ಮೈಸೂರಿನ ಅಡುಗೆ ಭಟ್ಟರ ಮಗ, ಕನ್ನಡ ಮಾಧ್ಯಮದ ಬಿ.ಎ., ನಲವತ್ತನಾಲ್ಕರ ರಘೂತ್ತಮನು ಡಲ್ಲಾಸಿನಲ್ಲಿ, ಇಂಗ್ಲೆಂಡಿನವರ ಕೈಕೆಳಗೆ, ಇಟಲಿಯ ಊಟಕ್ಕಾಗಿ ಹಿಟ್ಟು ನಾದಿದ ಬಗೆ.

(ಚಪ್ಪಾಳೆ. ಫ್ರಿಜ್ ಗುರ್ ಎಂದಿತು.)

ವಿಷಯ ಇಷ್ಟೇ. ನಿನ್ನೆ ಬೈಸಿಕೊಂಡೆ. ಟೊಮೆಟೊ ಸಾಸಿಗೆ ಉಪ್ಪು ಹಾಕಿದೆ. ನನಗಿಂತ ಮೊದಲೇ ಇನ್ನೊಬ್ಬ ಹಾಕಿದ್ದ. ರುಚಿ ನೋಡಿದ್ದರೆ ತಿಳಿಯುತ್ತಿತ್ತು. ನೋಡಲಿಲ್ಲ. ನೋಡುವುದಿಲ್ಲ. ಅಪ್ಪ ಆಯಸ್ಸಿಡೀ ಮದುವೆಮನೆಗಳಲ್ಲಿ ಅಡುಗೆ ಮಾಡಿದರು, ಒಂದು ದಿನವೂ ಸೌಟನ್ನು ಬಾಯಿಗೆ ತಾಗಿಸಲಿಲ್ಲ. ಎಲೆಗೆ ಬಡಿಸುವ ಮೊದಲೇ ರುಚಿ ನೋಡಿದರೆ ಇಡೀ ಕೊಳದಪ್ಪಲೆ ಎಂಜಲು. ಉಪ್ಪು ಹೆಚ್ಚೋ ಕಮ್ಮಿಯೋ ಕುದಿಯುವ ವಾಸನೆಯೇ ಹೇಳಬೇಕು. ಅಪ್ಪನಿಗೆ ಪೂರ್ತಿ ಹೇಳುತ್ತಿತ್ತು. ನನಗೆ ಮುಕ್ಕಾಲು ಪಾಲು ಹೇಳುತ್ತದೆ. ಮಿಕ್ಕ ಕಾಲು ಪಾಲು ನಿನ್ನೆ ಗಿರಾಕಿಗಳ ಮೇಜಿಗೆ ಹೋಯಿತು.

"ಟೇಸ್ಟ್ ಮಾಡಿದ್ಯಾ?" ಅಂದರು ಶೆಫ್. (ಅವರ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸುತ್ತಿದ್ದೇನೆ. ಬೈಗುಳ ಇಳಿಯಲಿಲ್ಲ, ಅಲ್ಲೇ ಬಿಟ್ಟೆ.)

"ಇಲ್ಲ, ಶೆಫ್. ಎಂಜಲು."

ಎಂಜಲಿಗೆ ಇಂಗ್ಲಿಷ್ ಸಿಗಲಿಲ್ಲ. ಸೌಟು, ಬಾಯಿ, ಪಾತ್ರೆ — ಮೂಕಾಭಿನಯ ಮಾಡಿ ತೋರಿಸಿದೆ.

"ಅಂದ್ರೆ ಇಷ್ಟು ದಿನ ನನ್ನ ಅಡುಗೇನ ಬಾಯಿಗೇ ಇಟ್ಟಿಲ್ವಾ ನೀನು?"

"ವಾಸನೆ ತುಂಬಾ ಚೆನ್ನಾಗಿರುತ್ತೆ, ಶೆಫ್."

ಶನಿವಾರದ ಒಳಗೆ ರುಚಿ ನೋಡಲು ಕಲಿಯಬೇಕು, ಇಲ್ಲವಾದರೆ ಬೇರೆ ಕೆಲಸ ನೋಡಿಕೊಳ್ಳಬೇಕು. ಎರಡು ಬಗೆಯ ನೋಟ, ಒಂದೇ ಊಟ.

ಮಾರ್ಚ್ 13, ಶನಿವಾರ

ಸಭೆಗೆ ಶೆಫ್‌ರ ಪರಿಚಯ ಮಾಡಿಕೊಡುವುದು ಮರೆತಿದ್ದೆ. ನೈಜಲ್ ಥಾರ್ಪ್. ಲೀಡ್ಸ್ ಊರಿನ ಬಸ್ ಡ್ರೈವರ್ ಮಗ. ಲಂಡನ್ನಿನಲ್ಲಿ ಪಾತ್ರೆ ತೊಳೆದರು, ಬೊಲೋನ್ಯಾದಲ್ಲಿ ಒಬ್ಬ ಅಜ್ಜಿಯ ಕೈಲಿ ಬೈಸಿಕೊಂಡು ಪಾಸ್ತಾ ಕಲಿತರು. ಇಟಲಿಯವರಿಗೆ ಇಂಗ್ಲೆಂಡಿನವರು, ಇಂಗ್ಲೆಂಡಿನವರಿಗೆ ಇಟಲಿಯವರು, ಡಲ್ಲಾಸಿನವರಿಗೆ ಆಸ್ಟ್ರೇಲಿಯಾದವರು. ಇಲ್ಲಿನ ಇಂಡಿಯನ್ ಅಂಗಡಿಗೆ ಕೇಸರಿ ಕೊಳ್ಳಲು ಬಂದು, ಗಲ್ಲಾದ ಪಕ್ಕ ನಾನು ಮಾರಲು ಇಟ್ಟಿದ್ದ ಒಬ್ಬಟ್ಟನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಲಟ್ಟಿಸಿದ್ದು ಯಾರು?" ಅಂದವರು. ಹಾಗೆ ಸೇರಿದೆ. ಮೊಟ್ಟೆ ಹಾಕಿದ ಹಿಟ್ಟನ್ನೂ ನಾದುತ್ತೇನೆ. ಕೈ ಕೆಲಸಕ್ಕೆ ಸೇರಿದೆ, ಬಾಯಿ ಸೇರಿಲ್ಲ.

ದಾರಿ ತೋರಿಸಿದ್ದು ನಿರುಪಮಾ. ಧರ್ಮಪತ್ನಿ, ಲಾಸ್ ಕೊಲಿನಾಸ್‌ನಲ್ಲಿ ಸಾಫ್ಟ್‌ವೇರು, ಮನೆಯಲ್ಲಿ ಸುಪ್ರೀಂ ಕೋರ್ಟು.

"ಅಂಗೈಗೆ ಒಂದು ತೊಟ್ಟು ಹಾಕ್ಕೊಂಡು ನೋಡಿ. ಸೌಟು ಬಾಯಿಗೆ ತಾಗಲ್ವಲ್ಲ. ನಮ್ಮತ್ತೆ ಹಾಗೇ ನೋಡ್ತಿದ್ದಿದ್ದು."

"ಅಮ್ಮನಾ? ಯಾವಾಗ?"

"ಮಾವನವರು ಊರಲ್ಲಿ ಇಲ್ದಾಗ."

ಇವತ್ತು ಶೆಫ್ ಎದುರಿಗೆ ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಕೈ ತೊಳೆದೆ. ಅವರೂ ಹಾಗೇ ಮಾಡಿದರು. "ಚಮಚದ ಲೋಹದ ರುಚಿ ಇಲ್ಲ… ಚೆನ್ನಾಗಿದೆ ಇದು!" ಸಂಜೆ ಹೊತ್ತಿಗೆ ಅಡುಗೆಮನೆಯ ಎಲ್ಲರೂ ಅಂಗೈ ನೆಕ್ಕುತ್ತಿದ್ದರು.

ಒಪ್ಪಂದ: ತರಕಾರಿ, ಹಾಲು, ಬೆಣ್ಣೆ, ಚೀಸ್ — ನೋಡುತ್ತೇನೆ. ಮಾಂಸ ಇಲ್ಲ. ಶೆಫ್‌ರ ಹೆಸರುವಾಸಿ ಅಡುಗೆ ಎಂದರೆ ಬಾತುಕೋಳಿ ಸಾಸು. ಅದಕ್ಕೆ ಬೇಕಾದ ಅಗಲ ಪಟ್ಟಿಯ ಪಾಸ್ತಾ ಲಟ್ಟಿಸುವವನು ನಾನೇ. "ಬಾತುಕೋಳಿ ರುಚಿ ನೋಡು ಅಂತ ನಿನ್ನ ಯಾವತ್ತೂ ಕೇಳಲ್ಲ, ರಾಗ್" ಎಂದು ಕೈ ಕುಲುಕಿದರು. (ರಘೂತ್ತಮ ಅವರ ಬಾಯಲ್ಲಿ ರಾಗ್.)

ಕಟ್ಟಿದೆ:
ಮೊಟ್ಟೆಯ ಹಿಟ್ಟನು ಮುಟ್ಟುವ ಕೈಯಿದು, ಸಿಟ್ಟಾಗಬೇಡ ಭಗವಂತ;
ಹೊಟ್ಟೆಗೆ ಬಿಟ್ಟಿಲ್ಲ, ಗುಟ್ಟೇನಿಲ್ಲ, ಬಟ್ಟಲು ಬೇರೆ ನನಗಂತ.

2000 ಆಗಸ್ಟ್ 20, ಭಾನುವಾರ. ಹ್ಯೂಸ್ಟನ್

ಬರೆದು ಬಹಳ ದಿನವಾಯಿತು. ಸಭೆ ಬೆವರುತ್ತಿರಬೇಕು; ಇದು ಹ್ಯೂಸ್ಟನ್.

ಶೆಫ್‌ಗೆ ಇಲ್ಲಿ ದೊಡ್ಡ ಜಾಗ ಸಿಕ್ಕಿತು. "ನೀನು ಬಂದರೆ ಹೋಗ್ತೀನಿ" ಅಂದರು. ನನಗೆ ಹಾಗೆ ಅಂದವರು ಈ ದೇಶದಲ್ಲಿ ಇನ್ನಾರೂ ಇಲ್ಲ. ವಾರವೆಲ್ಲ ಇಲ್ಲಿ, ರಜೆಯ ದಿನ ಡ್ರೈವ್ ಮಾಡಿಕೊಂಡು ಇರ್ವಿಂಗ್.

"ಊರ ಗಂಡಸರೆಲ್ಲ ಹೆಂಡತಿ ಕೈ ಅಡುಗೆ ಬಿಟ್ಟು ಕೆಲಸಕ್ಕೆ ಹೋಗ್ತಾರೆ. ನೀವು ಹೆಂಡತಿಗೆ ಅಡುಗೆ ಬಿಟ್ಟು ಹೋಗ್ತಿದೀರ" — ಇದು ನಿರುಪಮಾ. ಮಗಳು ಶ್ರೀಜಾ: "ಅಪ್ಪಾ, ಯು ಸ್ಮೆಲ್ ಲೈಕ್ ಗಾರ್ಲಿಕ್." ಕನ್ನಡದಲ್ಲಿ ಹೇಳು ಎಂದರೆ ಮೂಗು ಮುಚ್ಚಿ ತೋರಿಸುತ್ತಾಳೆ. ಅದೂ ಒಂದು ಭಾಷೆ.

2001 ಜನವರಿ 17, ಬುಧವಾರ. ಮಧ್ಯಾಹ್ನ 3

ಒಲೆಯ ಮೇಲೆ ಬೆಳ್ಳುಳ್ಳಿ ಸೀದು ಕಪ್ಪಾಯಿತು. ಆ ತುದಿಯಲ್ಲಿ ಹಿಟ್ಟು ನಾದುತ್ತಿದ್ದ ನನಗೆ ನಾತ ಬಡಿಯಿತು. ಶೆಫ್ ಅದೇ ಬಾಣಲೆಯ ಮುಂದೆ ನಿಂತು ಮೆನು ಓದುತ್ತಿದ್ದಾರೆ. ಅಲ್ಲಾಡಲಿಲ್ಲ. ಹೋಗಿ ಗ್ಯಾಸ್ ಆರಿಸಿದೆ. ಬಾಣಲೆ ನೋಡಿದರು, ನನ್ನನ್ನು ನೋಡಿದರು. ಉಗ್ರಾಣಕ್ಕೆ ಕರೆದರು.

ಕ್ರಿಸ್‌ಮಸ್ಸಿಗೆ ಶೆಫ್‌ಗೆ ಜ್ವರ ಬಂದಿತ್ತು. ಜ್ವರ ಹೋಯಿತು, ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಡಾಕ್ಟರು — ಬಂದರೆ ಬರಬಹುದು, ಬರದಿದ್ದರೆ ಇಲ್ಲ.

"ಉಪ್ಪು, ಹುಳಿ, ಸಿಹಿ, ಕಹಿ… ಅಷ್ಟೇ ಗೊತ್ತಾಗೋದು. ಮಿಕ್ಕಿದ್ದೆಲ್ಲ ಬಿಸಿನೀರು. ನನ್ನ ಸಾಸನ್ನ ನಾನು ಕಣ್ಣಲ್ಲಿ ಮಾಡ್ತಿದೀನಿ, ರಾಗ್."

"ಯಾರಿಗೆ ಹೇಳಿದೀರ?"

"ಈಗ ನಿನಗೆ."

ಹೊರಗೆ ತಿಳಿದರೆ ಮುಗಿಯಿತು. ಆಸ್ಟಿನ್‌ನಲ್ಲಿ ಸ್ವಂತ ಹೋಟೆಲ್ ಮಾಡಲು ಇಬ್ಬರು ಹಲ್ಲಿನ ಡಾಕ್ಟರುಗಳು ದುಡ್ಡು ಹಾಕಲು ಒಪ್ಪಿದ್ದಾರೆ. ಅವರು ದುಡ್ಡು ಹಾಕುತ್ತಿರುವುದು ಈ ನಾಲಿಗೆಯ ಮೇಲೆ. ಐವತ್ತು ದಾಟಿದ ಶೆಫ್‌ಗೆ ಬೇರೆ ಕಸುಬು ಬರುವುದಿಲ್ಲ.

ನನ್ನನ್ನೇ ಯಾಕೆ ನಂಬಿದಿರಿ ಎಂದು ಕೇಳಿದೆ. "ಕೆಲಸ ಹೋದರೂ ಸರಿ, ಬಾಯಿಗೆ ಇಡಲ್ಲ ಅಂದವನು ನೀನೊಬ್ಬನೇ. ಅಂಥವನು ಬಾಯಿ ಬಿಡಲ್ಲ."

ಅವರ ಪರವಾಗಿ ರುಚಿ ನೋಡಲು ಒಪ್ಪಿದೆ. ತರಕಾರಿಯದು ಮಾತ್ರ. ಮಾಂಸದ್ದು ದೂರದಿಂದ ಮೂಸಿ ಹೇಳುತ್ತೇನೆ. ಸಂಕೇತ: ಕಿವಿ ಮುಟ್ಟಿಕೊಂಡರೆ ಸೊಪ್ಪು ಕಮ್ಮಿ. ಏಪ್ರನ್ ಬಿಗಿದುಕೊಂಡರೆ ಮಸಾಲೆ ಜಾಸ್ತಿ. ಕೆಮ್ಮಿದರೆ ಸೀಯುತ್ತಿದೆ.

ಮನೆಯಲ್ಲಿ ಹೇಳುವುದಿಲ್ಲ.

ಫೆಬ್ರವರಿ 4, ಭಾನುವಾರ. ಇರ್ವಿಂಗ್

ಹೇಳಿದೆ. ಸುಪ್ರೀಂ ಕೋರ್ಟಿನಲ್ಲಿ ಸುಳ್ಳು ನಿಲ್ಲಲಿಲ್ಲ.

"ಮಾಂಸದ್ದೂ ಮೂಸ್ತೀರಾ? ನಿಮ್ಮ ಮೂಗಿಗೆ ಮಡಿ ಇಲ್ವಾ?"

"ಮೂಗು ಹೊರಗಿನ ವರಾಂಡಾ ಕಣೇ. ಬಾಯಿ ಒಳಮನೆ."

"ವರಾಂಡಾಕ್ಕೆ ಬಂದೋರು ಒಳಗೂ ಬರ್ತಾರೆ, ನೋಡ್ತಿರಿ."

2001 ನವೆಂಬರ್ 10, ಶನಿವಾರ. ಆಸ್ಟಿನ್

ಹೋಟೆಲಿನ ಹೆಸರು ಓರ್ತಿಕಾ. ಇಟಲಿಯ ಭಾಷೆಯಲ್ಲಿ ತುರಿಕೆ ಸೊಪ್ಪು. ಬೋರ್ಡು ನೋಡಿ ನಾನೊಬ್ಬನೇ ಕೆರೆದುಕೊಂಡೆ.

ಸೆಪ್ಟೆಂಬರಿನಲ್ಲಿ ಆ ಎರಡು ಗೋಪುರಗಳು ಬಿದ್ದ ಮೇಲೆ ಹೋಟೆಲಿಗೆ ಬರುವವರೇ ಇಲ್ಲ. ಖಾಲಿ ಕುರ್ಚಿಗಳು ಈ ನನ್ನ ಸಭೆಯ ಹಾಗೆ ಶಿಸ್ತಾಗಿ ಕೂತಿವೆ. ಹಲ್ಲಿನ ಡಾಕ್ಟರುಗಳು ವಾರಕ್ಕೊಮ್ಮೆ ಬಂದು ನೋವಿರುವ ಹಲ್ಲನ್ನು ತಟ್ಟುವ ಹಾಗೆ ಮೇಜುಗಳನ್ನು ತಟ್ಟಿ ನೋಡಿ ಹೋಗುತ್ತಾರೆ. ಗುರುವಾರ ಪತ್ರಿಕೆಯ ವಿಮರ್ಶಕಿ ಬರುತ್ತಾಳಂತೆ. ಅವಳು ಬರೆದರೆ ಉಂಟು, ಇಲ್ಲವಾದರೆ ಕ್ರಿಸ್‌ಮಸ್ ಆಚೆಗೆ ಬಾಗಿಲು ತೆರೆಯುವುದಿಲ್ಲ. ಅವಳು ತಿನ್ನಲು ಬರುತ್ತಿರುವುದೇ ಬಾತುಕೋಳಿ.

ನವೆಂಬರ್ 16, ಶುಕ್ರವಾರ. ಬೆಳಿಗ್ಗೆ 7

ಕ್ರಮವಾಗಿ ಬರೆಯುತ್ತೇನೆ. ಅಧ್ಯಕ್ಷರು ಗಂಟೆ ಬಾರಿಸಬಾರದು.

ನಿನ್ನೆ ಸಂಜೆ, ವಿಮರ್ಶಕಿ ಬಂದು ಕೂತಾಗಿದೆ. ಬಾತುಕೋಳಿ ಸಾಸು ಒಲೆಯ ಮೇಲೆ. ಮೂಸಿದೆ. ಏನೋ ಸರಿಯಿಲ್ಲ. ಏನೆಂದು ತಿಳಿಯದು. ಹುಳಿಯ ವಾಸನೆ ನನಗೆ ಅರ್ಥವಾಗುತ್ತದೆ, ಯಾಕೆಂದರೆ ಹುಳಿ ತಿಂದು ಬೆಳೆದವನು. ಬಾತುಕೋಳಿ ತಿಂದವನಲ್ಲ. ಬಾಯಿ ಕಾಣದ ಊರಿಗೆ ಮೂಗು ದಾರಿ ಹೇಳುವುದಿಲ್ಲ.

"ಹೇಗಿದೆ?"

"ಗೊತ್ತಾಗ್ತಿಲ್ಲ, ಶೆಫ್."

ಅವರೇ ನಾಲ್ಕು ಸಲ ಅಂಗೈಗೆ ಹಾಕಿಕೊಂಡು ನೆಕ್ಕಿದರು. ಕಣ್ಣು ಮುಚ್ಚಿ, ಕಿವುಡರು ಗೋಡೆಗೆ ಕಿವಿ ಇಡುವ ಹಾಗೆ. ಸೌಟು ನನ್ನ ಕಡೆ ಬಂತು. ಅರ್ಧಕ್ಕೆ ನಿಂತಿತು. ವಾಪಸು ಹೋಯಿತು.

"ಬೇಡ. ಮಾತು ಕೊಟ್ಟಿದೀನಿ. ಹಾಗೇ ಕಳಿಸೋಣ." ತಟ್ಟೆಗೆ ಕೈ ಹಾಕಿದರು.

ಅಂಗೈ ಒಡ್ಡಿದೆ.

"ರಾಗ್…"

"ಹಾಕಿ, ಶೆಫ್. ಆರುತ್ತೆ."

ಲವಂಗ. ವಿಪರೀತ ಲವಂಗ. ಬೇರೆ ಏನೂ ತಿಳಿಯದಿದ್ದರೂ ಲವಂಗ ನನಗೆ ತಿಳಿಯುತ್ತದೆ; ಮಾಂಸದ ನಾತದಡಿ ಮೂಗಿಗೆ ಸಿಗದ್ದು ನಾಲಿಗೆಗೆ ಸಿಕ್ಕಿತು. ಏಪ್ರನ್ ಬಿಗಿದುಕೊಂಡೆ, ಬಾಯಿಬಿಟ್ಟೂ ಹೇಳಿದೆ. ಶೆಫ್ ಹಾಲು ಹುಯ್ದರು, ಬೆಣ್ಣೆ ಹಾಕಿದರು, ಕಲಕಿದರು. ಮತ್ತೆ ಅಂಗೈ. ಇನ್ನೊಮ್ಮೆ. ಈಗ ಕಳಿಸಿ ಅಂದೆ.

ಸಭೆ ದಾಖಲಿಸಿಕೊಳ್ಳಲಿ: ಪ್ರತಿ ಸಲವೂ ಸಿಂಕಿಗೆ ಹೋಗಿ ಉಗುಳಿದೆ. ಬಾಯಿ ಮುಕ್ಕಳಿಸಿದೆ. ನಾಲಿಗೆಗೆ ತಾಗಿದ್ದು ಲೆಕ್ಕಕ್ಕಿಲ್ಲ, ಗಂಟಲಿಗೆ ಇಳಿದದ್ದು ಮಾತ್ರ ಲೆಕ್ಕ.

ನವೆಂಬರ್ 30, ಶುಕ್ರವಾರ

ಬಂತು. ಅರ್ಧ ಪುಟ. "ತಪ್ಪು ಹೆಜ್ಜೆ ಇಡದ ನಾಲಿಗೆ" ಎಂದು ಬರೆದಿದ್ದಾಳೆ. ಶೆಫ್ ಪೇಪರನ್ನು ಮಡಚಿ ನನ್ನ ಏಪ್ರನ್ ಜೇಬಿಗೆ ತುರುಕಿದರು. ಸಂಜೆ ಕುರ್ಚಿಗಳೆಲ್ಲ ತುಂಬಿದವು. ಹಲ್ಲಿನ ಡಾಕ್ಟರುಗಳು ಹಲ್ಲು ಬಿಟ್ಟರು.

ಇನ್ನು ಬಾತುಕೋಳಿ ದಿನಾ ನನ್ನ ಅಂಗೈಗೆ. ದಿನಾ ಉಗುಳುತ್ತೇನೆ.

ಬೆರಗಿನ ನಾಲಿಗೆ ಶೆಫ್ ಥಾರ್ಪರದು, ಮೆರೆದಿತು ಪೇಪರ ತುಂಬಾ;
ಎರವಲು ತಂದದ್ದೆಲ್ಲಿಂದೆಂದರೆ, ಹೊರಬಾಗಿಲಲಿದೆ ಕಂಬ.

ಕಂಬ ಅಂದರೆ ನಾನು. ಪ್ರಾಸಕ್ಕಾಗಿ ಕಂಬವಾದೆ.

2002 ಫೆಬ್ರವರಿ 3, ಭಾನುವಾರ. ಇರ್ವಿಂಗ್

"ಈಚೆಗೆ ನೀವು ಮಾಡಿದ್ದರಲ್ಲೂ ಕಮ್ಮಿ ಅಂತೀರ, ನಾನು ಮಾಡಿದ್ದರಲ್ಲೂ ಕಮ್ಮಿ ಅಂತೀರ. ಏನ್ರೀ ಕಮ್ಮಿ?"

"ಏನೂ ಇಲ್ಲ ಕಣೇ. ತೊವ್ವೆ ಚೆನ್ನಾಗಿದೆ."

"ಚೆನ್ನಾಗಿದೆ ಅನ್ನೋರ ಮುಖ ಹಾಗಿರಲ್ಲ."

ಏಪ್ರಿಲ್ 21, ಭಾನುವಾರ. ರಾಮನವಮಿ

ದೇವಸ್ಥಾನದಲ್ಲಿ ನೈವೇದ್ಯದ ಅಡುಗೆಗೆ ಪ್ರತಿ ವರ್ಷ ನಾನೇ ನಿಲ್ಲುವುದು. ಬೆನ್ನುನೋವು ಎಂದು ಹೇಳಿ ಕಳಿಸಿದೆ.

ಬೆನ್ನು ಚೆನ್ನಾಗಿದೆ.

ಜೂನ್ 12, ಬುಧವಾರ. ಆಸ್ಟಿನ್, ಸಂಜೆ 4

ಮಾನ್ಯ ಅಧ್ಯಕ್ಷರೇ, ಶುಭ ಸಮಾಚಾರ.

ಮಧ್ಯಾಹ್ನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಡಬ್ಬಿ ತೆರೆದೆ. ನಿನ್ನೆ ನಿರುಪಮಾ ಕಟ್ಟಿಕೊಟ್ಟದ್ದು, ಇಂಗಿನ ಒಗ್ಗರಣೆಯ ತೊವ್ವೆ. ಶೆಫ್ ಪಕ್ಕದಲ್ಲೇ ಹಾದುಹೋದರು. ನಿಂತರು. ತಿರುಗಿದರು.

"ಏನಪ್ಪಾ ಅದು, ದರಿದ್ರ ನಾತ?"

ಡಬ್ಬಿ ಕಿತ್ತುಕೊಂಡು ಮೂಗನ್ನು ಒಳಕ್ಕೇ ಇಟ್ಟರು. ಮೂಗಿನ ತುದಿಗೆ ತೊವ್ವೆ. ಆ ಎತ್ತರದ ಮನುಷ್ಯ ಮೆಟ್ಟಿಲ ಮೇಲೆ ಕೂತು ಅತ್ತರು. ಎದ್ದು ಒಳಗೆ ಹೋಗಿ ಒಂದೊಂದನ್ನೇ ಮೂಸಿದರು. ತುಳಸಿಯಂಥ ಆ ಸೊಪ್ಪು, ಬೆಣ್ಣೆ, ಕಾಫಿ, ನೆಲ ಒರೆಸುವ ಬಕೆಟ್ಟು. ಪೂರ್ತಿ ಬಂದಿಲ್ಲ, ಬರುತ್ತಿದೆ ಅಂದರು. "ಒಂದೂವರೆ ವರ್ಷ ಆದ್ಮೇಲೆ ಮೊದಲನೇ ವಾಸನೆ, ಅದೂ ನಿನ್ನ ಈ ದರಿದ್ರ ಡಬ್ಬೀದು!"

ಮೂರೂವರೆಗೆ ಬಾತುಕೋಳಿ ಸಾಸು ಇಳಿಯಿತು. ಅಭ್ಯಾಸಬಲ, ಅಂಗೈಗೆ ಹಾಕಿಕೊಂಡೆ. ಶೆಫ್ ಮಣಿಕಟ್ಟು ಹಿಡಿದರು.

"ಇನ್ನು ಬೇಡ, ರಾಗ್. ಸಾಕು. ನಾನು ಕೊಟ್ಟ ಮಾತನ್ನ ನೀನು ಮುರಿದೆ, ನನಗೋಸ್ಕರ. ಮುಗೀತು. ನಿನ್ನ ಬಾಯಿ ನಿನಗೆ ವಾಪಸ್."

ಹೆಗಲ ಮೇಲಿನ ಬಟ್ಟೆ ತೆಗೆದು ನನ್ನ ಅಂಗೈಯನ್ನು ಅವರೇ ಒರೆಸಿದರು. ಮಗುವಿಗೆ ಒರೆಸುವ ಹಾಗೆ. ಮೆನುವಿನಲ್ಲಿ ನನ್ನ ಹೆಸರನ್ನೂ ಹಾಕಿಸುತ್ತಾರಂತೆ. ನನ್ನ ಕಣ್ಣಲ್ಲೂ ನೀರು ಬಂತು. ಸಂತೋಷಕ್ಕೆ ಎಂದುಕೊಂಡರು.

ಹೋದ ಮೂಗು ಬಂತು ಗುರುವಿಗೆ, ಕಾದ ಮಡಿಯು ಬಂತು ನನಗೆ;

ಎರಡನೆಯ ಸಾಲು ಬರುತ್ತಿಲ್ಲ. ಅಧ್ಯಕ್ಷರು ಕ್ಷಮಿಸಬೇಕು, ಸಭಿಕರು…

ಎಲ್ಲಿಯ ಸಭಿಕರು. ಯಾರೂ ಇಲ್ಲ. ನಾನು ಉಗುಳಲಿಲ್ಲ. ಮೊದಲನೆಯ ದಿನವೂ ಉಗುಳಲಿಲ್ಲ. ಸಿಂಕಿನವರೆಗೆ ಹೋಗುತ್ತಿದ್ದೆ, ನಲ್ಲಿ ತಿರುಗಿಸುತ್ತಿದ್ದೆ, ನುಂಗುತ್ತಿದ್ದೆ. ಇವತ್ತು ಅವರು ಒರೆಸುವಾಗ ಕೈ ಎಳೆದುಕೊಳ್ಳಬೇಕು ಅನ್ನಿಸಿತು. ಒರೆಸಿದ ಮೇಲೂ ಬೆರಳ ಸಂದಿಯಲ್ಲಿ ಸ್ವಲ್ಪ ಉಳಿದಿತ್ತು. ಅವರು ಆ ಕಡೆ ತಿರುಗಿದ ಮೇಲೆ ಅದನ್ನೂ —