ನಮ್ಮ ಹೊಲಕ್ಕೆ ಇಳಿದ ಬಾಂಬು

ಪಾಲೊಮಾರೆಸ್, ಆಲ್ಮೇರಿಯಾ
೨೬ ಮಾರ್ಚ್ ೧೯೬೬

ಮುದ್ದು ಮಗನೇ ಹಿನೆಸ್,

ಜರ್ಮನಿಯ ಚಳಿಯಲ್ಲಿ ನಿನ್ನ ಕೆಮ್ಮು ಹೇಗಿದೆ? ಆದೆಲಾಗೆ ಎದೆಹಾಲು ಸಾಕಾಗುತ್ತಿದೆಯೇ? ಮೂರು ತಿಂಗಳ ಮೊಮ್ಮಗನನ್ನು ಇನ್ನೂ ಫೋಟೊದಲ್ಲೇ ಮುದ್ದಿಸುವುದು ನನ್ನ ಹಣೆಬರಹ. ಈಸ್ಟರ್ ಹಬ್ಬಕ್ಕೆ ಅವನನ್ನು ಕರೆತಂದು ಇಲ್ಲೇ ಜ್ಞಾನಸ್ನಾನ ಮಾಡಿಸಬಹುದೇ ಎಂದು ಕೇಳಿದ್ದೀಯ. ನಿಮ್ಮಪ್ಪ ನನ್ನ ಬೆನ್ನ ಹಿಂದೆಯೇ ನಿಂತು "ಬಾ ಅಂತ ಬರಿಯೇ, ಅದಕ್ಕೇನ್ ಯೋಚ್ನೆ" ಎನ್ನುತ್ತಿದ್ದಾರೆ. ಬರೆದಿದ್ದೇನೆ.

ಪೇಪರಿನಲ್ಲಿ ಬಂದದ್ದು ನಿಜವೇ ಎಂದೂ ಕೇಳಿದ್ದೀಯ. ಅಮೆರಿಕದ ವಿಮಾನಗಳು ವರ್ಷಗಳಿಂದ ನಮ್ಮ ತಲೆಯ ಮೇಲೇ, ಕೆಚ್ಚಲಿಗೆ ಬಾಯಿಟ್ಟ ಕರುವಿನಂತೆ, ಒಂದರಿಂದ ಒಂದು ಎಣ್ಣೆ ಕುಡಿಯುತ್ತಿದ್ದವಲ್ಲ, ಜನವರಿ ಹದಿನೇಳರ ಬೆಳಿಗ್ಗೆ ಹಾಗೆ ಕುಡಿಯುವಾಗಲೇ ಎರಡು ಡಿಕ್ಕಿಯಾದವು. ಕುಡಿಯುತ್ತಿದ್ದ ವಿಮಾನದ ಹೊಟ್ಟೆಯಲ್ಲಿ ನಾಲ್ಕು ಹೈಡ್ರೋಜನ್ ಬಾಂಬುಗಳಿದ್ದವೆಂದು ನಮಗೆ ಯಾವ ಮಹಾರಾಯ ಹೇಳಿದ್ದ? ರಷ್ಯಾದ ಮೇಲೆ ಹಾಕಲೆಂದು ಹೊತ್ತು ತಿರುಗಿದ್ದು ನಮ್ಮ ಪಾಲಿಗೆ ಬಂತು. ಎರಡು ಒಡೆದು ಊರಿಗೆಲ್ಲ ವಿಷದ ಧೂಳು ಎರಚಿದವು. ಒಂದು ಸಮುದ್ರಕ್ಕೆ ಬಿತ್ತು. ಇನ್ನೊಂದು ಪ್ಯಾರಾಚೂಟಿನಲ್ಲಿ ನಮ್ಮ ಟೊಮೆಟೊ ಹೊಲಕ್ಕೇ ಇಳಿಯಿತು. ಒಳಗೆ ಮನುಷ್ಯನಿದ್ದಾನೆಂದು ನಿಮ್ಮಪ್ಪ ಓಡಿಹೋಗಿ ಅದನ್ನು ಗೆಣ್ಣಿನಿಂದ ತಟ್ಟಿ, "ಏ ತಮ್ಮಾ, ಉಸಿರಾಡ್ತಿದ್ದೀಯೇನೋ?" ಎಂದು ಕೂಗಿದರು. ಚಳಿಯಾದೀತೆಂದು ತಮ್ಮ ಕೋಟು ಬೇರೆ ಹೊದಿಸಿದರು! ನೆನೆದರೆ ನನಗೆ ಸಂಕಟವೂ ಸಿಟ್ಟೂ ಒಟ್ಟಿಗೇ ಬರುತ್ತವೆ.

ಆಮೇಲೆ ಮೂಗು ಬಾಯಿ ಮುಚ್ಚಿಕೊಂಡ ಸೈನಿಕರು ಬಂದರು. ನಿಮ್ಮಪ್ಪನನ್ನು ಬತ್ತಲೆ ನಿಲ್ಲಿಸಿ ಬ್ರಷ್ಷಿನಿಂದ ಉಜ್ಜಿದರು, ಕೋಟು ಕೊಂಡೊಯ್ದರು, ಗಿಡ ಕಿತ್ತು ಸುಟ್ಟರು. ಮೇಲ್ಮಣ್ಣನ್ನು ಕೆರೆದು ಡ್ರಮ್ಮುಗಳಿಗೆ ತುಂಬಿ ಮೊನ್ನೆ ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸಿದರು. ಮಣ್ಣಿಗೆ ಅಮೆರಿಕದ ಯೋಗ, ಮನುಷ್ಯರು ಇಲ್ಲೇ ಬಿದ್ದಿರಬೇಕು. ಇಷ್ಟೆಲ್ಲ ಮಾಡುತ್ತಲೇ, ಗಿಡ ಕೀಳುತ್ತಿದ್ದ ದಿನ, ನಮ್ಮ ಭಾಷೆ ಬಲ್ಲ ಅಧಿಕಾರಿಯೊಬ್ಬ "ಏನೂ ಆಗಿಲ್ಲಮ್ಮ, ಹೆದರ್ಬೇಡಿ" ಎಂದ. ಕಿತ್ತ ರಾಶಿಯಿಂದ ಒಂದು ಟೊಮೆಟೊ ಆರಿಸಿ ಅವನ ಕೈಗಿಟ್ಟೆ. "ಹಂಗಾದ್ರೆ ಮುಖದ್ ಬಟ್ಟೆ ತೆಗ್ದು ತಿನ್ನಪ್ಪ" ಎಂದೆ. ಅವನು ಅದನ್ನು ಮೆಲ್ಲಗೆ ರಾಶಿಗೇ ಹಾಕಿ, ಗಡಿಯಾರ ನೋಡಿಕೊಂಡು ಹೋದ.

ನಿಮ್ಮ ಮೂವರಿಗೂ ಮೇರಿಯಮ್ಮನ ಕಾವಲಿರಲಿ. ಆದೆಲಾಗೆ ನನ್ನ ಆಶೀರ್ವಾದ ಹೇಳು.

ನಿನ್ನ ಅಮ್ಮ,
ಕಸಿಲ್ದಾ

ವಿ.ಸೂ.: ನಿಮ್ಮಪ್ಪ ಮಗುವಿನ ತೊಟ್ಟಿಲಿಗೆ ಮೊಳೆ ತರಲು ಈಗಷ್ಟೇ ಹೋದರು, ಅವರು ಬರುವುದರೊಳಗೆ ಬೇಗಬೇಗ ಬರೆಯುತ್ತಿದ್ದೇನೆ. ಬರಬೇಡ, ಹಿನೆಸ್. ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲವೆಂದು ಅಪ್ಪನಿಗೆ ಬೇರೆ ಕಾಗದ ಹಾಕು. ಅವರು ನಿನ್ನ ಯಜಮಾನನನ್ನು ಬೈದುಕೊಳ್ಳಲಿ. ಮಗುವನ್ನು ಎತ್ತಿಕೊಳ್ಳಲು ನನ್ನ ಕೈ ಎಷ್ಟು ಹಂಬಲಿಸುತ್ತಿದೆಯೆಂದು ನಿನಗೆ ಗೊತ್ತು. ಆದರೂ ಅವನನ್ನು ಕರೆತಂದರೆ ನಾನು ಬಾಗಿಲು ತೆಗೆಯುವುದಿಲ್ಲ.