ಅವ್ವ ಬಿಟ್ಟ ರೊಟ್ಟಿ

ಹಾವೇರಿ ಆಸ್ಪತ್ರೆ,
ಮಂಗಳವಾರ

ಅವ್ವಾ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನಿಲ್ಲಿ ಹೊಟ್ಟೆತುಂಬ ಉಣ್ಣುವವರೆಗೆ ನೀನು ರೊಟ್ಟಿ ಮುಟ್ಟುವುದಿಲ್ಲವೆಂದು ದೇವಿಗೆ ಹರಕೆ ಹೊತ್ತಿದ್ದೀಯಂತೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಾಗ ತಲೆ ತಿರುಗಿ ಬಿದ್ದೆಯಂತೆ. ಮುತ್ತವ್ವ ಚಿಗವ್ವ ಬಂದು ಹೇಳಿದಳು.

“ಎಂ.ಎ. ಓದೀದಿ, ಒಂದ್ ತುತ್ತು ನುಂಗಾಕ ಬರವಲ್ದೇನ? ನಿಮ್ಮವ್ವ ನಿನ್ನ ಸಲುವಾಗಿ ಸಾಯಾಕತ್ತಾಳ,” ಅಂದಳು. ಆಮೇಲೆ ನರ್ಸ್ ತಂದ ಗಂಜಿಯೂ ನನಗೆ ಇಳಿಯಲಿಲ್ಲ.

ಮೊದಮೊದಲು ನಾನು ಊಟ ಬಿಟ್ಟಾಗ, “ನನ್ನ ಮಗಳು ಸೋಮವಾರ ಹಿಡದಾಳ್ರಿ, ನೀರೂ ಮುಟ್ಟಂಗಿಲ್ಲ,” ಎಂದು ನೀನು ಓಣಿಗೆಲ್ಲ ಹೇಳುತ್ತಿದ್ದೆ. ಮಂಗಳವಾರವೂ ನನ್ನ ತಾಟು ಹಾಗೇ ಇರುತ್ತಿತ್ತು. ದೂರುತ್ತಿಲ್ಲ ಅವ್ವಾ. ನಮ್ಮ ಮನೆಯಲ್ಲಿ ಪ್ರೀತಿಯೆಂದರೆ ಉಪವಾಸವೇ.

ಡಾಕ್ಟರ್ ಮೇಡಂ ಮನೆ ಊಟ ತರಿಸು ಅಂದಿದ್ದಾರೆ. ಭಾನುವಾರ ಮೆತ್ತನೆಯ ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು ತಾ. ಇಬ್ಬರಿಗಾಗುವಷ್ಟು ತಾ. ನನ್ನೆದುರು ಕೂತು ಮೊದಲು ನೀನು ಉಣ್ಣು. ನಾನು ಉಣ್ಣುತ್ತೇನೆಂದು ಮಾತು ಕೊಡಲಾರೆ. ಆ ಧೈರ್ಯ ಈಗ ನನ್ನಲ್ಲಿಲ್ಲ.

ಹರಕೆ ಮುರಿದರೆ ನನಗೆ ಕೇಡಾಗುತ್ತದೆಂದು ಹೆದರಬೇಡ. ಇನ್ನು ಯಾವ ಕೇಡು ಉಳಿದಿದೆ?

ಬಸ್ಸು ಹತ್ತುವ ಮುಂಚೆ ಏನಾದರೂ ತಿಂದು ಬಾ.

ನಿನ್ನ ಮಗಳು,
ನಾಗಲಕ್ಷ್ಮಿ